ಸಾಂಬಾರಿನ ಕವರಿನಿಂದ ಚೇಫಿಂಗ್ ಡಿಶ್‌ವರೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೇ ಅಡುಗೆ ಮಾಡಿ ಊಟ ಕಟ್ಟಿಕೊಡುವವರ ಸಂಖ್ಯೆ ಊರೂರಿನಲ್ಲಿ ಹೆಚ್ಚುತ್ತಿದೆ. ಈ ಬಾರಿ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಡುಗೆಯನ್ನು ಕುರಿತವಲ್ಲ, ಮಾಡಿದ ಅಡುಗೆಯನ್ನು ಯಾವುದರಲ್ಲಿ ತುಂಬಬೇಕು ಎಂಬುದನ್ನು ಕುರಿತವು. ಸಗಟು ಅಂಗಡಿಯ ಮುಂದೆ ನಿಂತರೆ ಅಲ್ಲಿನ ಮಾತೇ ಬೇರೆ ಎಂದು ಹಲವರು ಬರೆದಿದ್ದಾರೆ, ಅದು ನಿಜ. ಅಲ್ಲಿ ಬಳಕೆಯಲ್ಲಿರುವ ಹೆಸರುಗಳಲ್ಲಿ ಕೆಲವು ವಸ್ತುವಿನ ಆಕಾರವನ್ನು ಹೇಳುತ್ತವೆ, ಕೆಲವು ಬಣ್ಣವನ್ನು ಹೇಳುತ್ತವೆ, ಅದು ಯಾವುದರಿಂದ ಆಗಿದೆ ಎಂಬುದನ್ನು ಹೇಳುವ ಹೆಸರುಗಳು ಕಡಿಮೆ. ಬಿಸಿ ತಡೆಯುತ್ತದೆಯೇ, ಎಣ್ಣೆ ತಡೆಯುತ್ತದೆಯೇ, ಹುಳಿ ತಡೆಯುತ್ತದೆಯೇ ಎಂಬುದು ನಿರ್ಧಾರವಾಗುವುದು ಮಾತ್ರ ಆ ಮೂರನೆಯದರಿಂದ. ಆದ್ದರಿಂದ ಕೆಳಗಿನ ಉತ್ತರಗಳಲ್ಲಿ ಹೆಸರಿನ ಅರ್ಥಕ್ಕಿಂತ ವಸ್ತುವಿನ ಗುಣಕ್ಕೆ ಹೆಚ್ಚು ಗಮನ ಕೊಟ್ಟಿದ್ದೇನೆ.

ಪ್ರಶ್ನೆ: ಹತ್ತಿರದ ಕಚೇರಿಗಳಿಗೆ ಮಧ್ಯಾಹ್ನದ ಊಟ ಕಳುಹಿಸುತ್ತೇನೆ. ಸಾಂಬಾರು ಕಟ್ಟಲು ಕವರ್ ಕೇಳಿದರೆ ಅಂಗಡಿಯವರು ಎಲ್‌ಡಿಯೋ, ಎಚ್‌ಎಮ್ಮೋ, ಪಿಪಿಯೋ, ಎಷ್ಟು ಗೇಜು ಎಂದು ಕೇಳುತ್ತಾರೆ. ಯಾವುದನ್ನು ಕೊಳ್ಳಬೇಕು?
– ಓದುಗರು, ದಾವಣಗೆರೆ

ಉತ್ತರ: ಅಂಗಡಿಯವರು ಕೇಳಿದ್ದು ಸರಿಯಾದ ಪ್ರಶ್ನೆಯೇ. ಎಲ್‌ಡಿ ಎಂದರೆ ಕಡಿಮೆ ಸಾಂದ್ರತೆಯ ಪಾಲಿಎಥಿಲೀನ್. ಕೈಗೆ ಮೆತ್ತಗಿರುತ್ತದೆ, ಹಿಸುಕಿದರೆ ಸದ್ದು ಮಾಡುವುದಿಲ್ಲ, ಎಳೆದರೆ ಹಿಗ್ಗುತ್ತದೆ. ಎಚ್‌ಎಂ ಎಂಬುದು ಹೆಚ್ಚು ಸಾಂದ್ರತೆಯ ಪಾಲಿಎಥಿಲೀನಿನ ಒಂದು ಬಗೆ. ಹಾಲಿನಂತೆ ಮಬ್ಬಾಗಿರುತ್ತದೆ, ಬೆರಳಿನಲ್ಲಿ ಉಜ್ಜಿದರೆ ಒಣ ಎಲೆಯಂತೆ ಚರಪರ ಎನ್ನುತ್ತದೆ. ಹೋಟೆಲುಗಳಲ್ಲಿ ಸಾಂಬಾರು, ಚಟ್ನಿ ಕಟ್ಟಿಕೊಡುವ ತೆಳು ಕವರ್ ಹೆಚ್ಚಾಗಿ ಇದೇ. ಪಿಪಿ ಎಂದರೆ ಪಾಲಿಪ್ರೊಪಿಲೀನ್. ಗಾಜಿನಂತೆ ತಿಳಿಯಾಗಿ ಹೊಳೆಯುತ್ತದೆ, ಆದರೆ ಅಂಚಿನಲ್ಲಿ ಸ್ವಲ್ಪ ಹರಿದರೂ ನೇರವಾಗಿ ಕೊನೆಯವರೆಗೆ ಸೀಳಿಹೋಗುತ್ತದೆ. ಕಡಲೆಬೀಜ, ಚಕ್ಕುಲಿ, ಮಸಾಲೆಪುಡಿಗಳ ಪೊಟ್ಟಣಗಳಿಗೆ ಅದು ಒಗ್ಗುತ್ತದೆ.

ಗೇಜು ಮತ್ತು ಮೈಕ್ರಾನ್ ಎರಡೂ ದಪ್ಪದ ಅಳತೆಗಳು. 100 ಗೇಜು ಎಂದರೆ ಸುಮಾರು 25 ಮೈಕ್ರಾನ್, 200 ಗೇಜು ಎಂದರೆ 50 ಮೈಕ್ರಾನ್. ಅಂಗಡಿಯವರು ಗೇಜಿನಲ್ಲಿ ಹೇಳಿದ್ದನ್ನು ನಾಲ್ಕರಿಂದ ಭಾಗಿಸಿದರೆ ಮೈಕ್ರಾನ್ ಸಿಗುತ್ತದೆ, ಸರ್ಕಾರದ ನಿಯಮಗಳೆಲ್ಲ ಮೈಕ್ರಾನಿನಲ್ಲೇ ಇರುವುದರಿಂದ ಈ ಲೆಕ್ಕ ಬಾಯಿಗೆ ಬರುವಂತಿರಲಿ. ಕೇಂದ್ರದ ನಿಯಮದ ಪ್ರಕಾರ ಪ್ಲಾಸ್ಟಿಕ್ ಕೈಚೀಲಗಳು 2022ರ ಡಿಸೆಂಬರ್ 31ರಿಂದ ಕನಿಷ್ಠ 120 ಮೈಕ್ರಾನ್, ಅಂದರೆ ಅಂಗಡಿಯ ಮಾತಿನಲ್ಲಿ 480 ಗೇಜು ಇರಬೇಕು. ಕರ್ನಾಟಕದಲ್ಲಿ 2016ರ ಮಾರ್ಚ್‌ನ ಅಧಿಸೂಚನೆಯೇ ದಪ್ಪ ಎಷ್ಟಿದ್ದರೂ ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿದೆ. ಆದ್ದರಿಂದ ಊಟದ ಡಬ್ಬಿಗಳನ್ನು ಹೊರಗಿನಿಂದ ಹೊತ್ತೊಯ್ಯಲು ಬಟ್ಟೆಯ ಅಥವಾ ಕಾಗದದ ಚೀಲವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಸಾಂಬಾರಿನ ವಿಷಯ. ಎಲ್‌ಡಿ ಕರಗುವುದು ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಚ್‌ಎಂ ಸುಮಾರು 130ರಲ್ಲಿ, ಪಿಪಿ ಸುಮಾರು 160ರಲ್ಲಿ. ಕುದಿಯುವ ಸಾಂಬಾರು 100 ಡಿಗ್ರಿಯನ್ನಷ್ಟೇ ಮುಟ್ಟುವುದರಿಂದ ಯಾವ ಕವರೂ ಕರಗುವುದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಪ್ಲಾಸ್ಟಿಕ್ ಕರಗುವುದಕ್ಕೆ ಬಹಳ ಮೊದಲೇ ಮೆತ್ತಗಾಗುತ್ತದೆ. ಒಲೆಯಿಂದ ಇಳಿಸಿದ ಸಾಂಬಾರನ್ನು ಎಲ್‌ಡಿ ಕವರಿಗೆ ಸುರಿದು ಮೇಲೆತ್ತಿದರೆ, ಗಂಟಿನ ಕೆಳಗೆ ಕವರು ಭಾರಕ್ಕೆ ಜಗ್ಗಿ ಉದ್ದವಾಗುವುದನ್ನು ಕಣ್ಣಾರೆ ನೋಡಬಹುದು. ಸಾಂಬಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆ, ಒಳಗಿನ ಹುಣಸೆ ಹುಳಿ, ಬಿಸಿ, ಕವರಿನೊಳಗೆ ಕಳೆಯುವ ಹೊತ್ತು, ಇವು ನಾಲ್ಕೂ ಸೇರಿದಾಗ ಪ್ಲಾಸ್ಟಿಕ್ಕಿನಲ್ಲಿರುವ ಸೂಕ್ಷ್ಮ ಪದಾರ್ಥಗಳು ಆಹಾರಕ್ಕೆ ಇಳಿಯುವ ವೇಗ ಹೆಚ್ಚುತ್ತದೆ. ಬಣ್ಣದ ಕವರ್, ಅದರಲ್ಲೂ ಕಪ್ಪು ಕವರ್, ಬಹುತೇಕ ಮರುಬಳಕೆಯ ಪ್ಲಾಸ್ಟಿಕ್ಕಿನಿಂದ ಆಗಿರುತ್ತದೆ. ಮರುಬಳಕೆಯ ಪ್ಲಾಸ್ಟಿಕ್ ಚೀಲದಲ್ಲಿ ತಿನ್ನಲು ಸಿದ್ಧವಾದ ಆಹಾರವನ್ನು ತುಂಬುವುದನ್ನು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೇ ತಡೆದಿದ್ದವು; 2021ರ ತಿದ್ದುಪಡಿಯ ಬಳಿಕ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡಕ್ಕೆ ಒಳಪಟ್ಟು ಮಾತ್ರ ಅವಕಾಶ.

ನನ್ನ ಸಲಹೆ ಇಷ್ಟು. ದಿನವೂ ಅದೇ ಕಚೇರಿಗಳಿಗೆ ಊಟ ಹೋಗುತ್ತದೆ ಎಂದಾದರೆ ಸ್ಟೀಲ್ ಡಬ್ಬಿ ಕೊಟ್ಟು ಮರುದಿನ ಖಾಲಿ ಡಬ್ಬಿ ತರುವ ಏರ್ಪಾಡು ಮಾಡಿಕೊಳ್ಳಿ. ಎರಡು ಜೊತೆ ಡಬ್ಬಿಗಳ ಖರ್ಚು ಕೆಲವು ತಿಂಗಳಲ್ಲಿ ಹಿಂದಿರುಗುತ್ತದೆ. ಅದು ಆಗದಿದ್ದಲ್ಲಿ ಮುಚ್ಚಳವಿರುವ ಪಿಪಿ ಡಬ್ಬಿಯನ್ನು ಬಳಸಿ. ಕೊಳ್ಳುವಾಗ ಡಬ್ಬಿಯನ್ನು ಮಾತ್ರವಲ್ಲ, ಮುಚ್ಚಳವನ್ನೂ ತಿರುಗಿಸಿ ನೋಡಬೇಕು. ತಳ ಪಿಪಿಯದಾಗಿ, ಮುಚ್ಚಳ ಬೇರೆ ಪ್ಲಾಸ್ಟಿಕ್ಕಿನದಾಗಿರುವ ಡಬ್ಬಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಬಿಸಿ ಅನ್ನ ತುಂಬಿ ಮುಚ್ಚಿದ ಐದೇ ನಿಮಿಷದಲ್ಲಿ ಮುಚ್ಚಳ ಸೊಟ್ಟಗಾಗಿ ಅಂಚು ಬಿಡುವುದು ಇದೇ ಕಾರಣಕ್ಕೆ.

ಪ್ರಶ್ನೆ: ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ಐದು ಎಂದಿದ್ದರೆ ಐದು ಸಲ ಬಳಸಬಹುದು ಎಂದು ನಮ್ಮ ನೆರೆಯವರು ಹೇಳಿದರು. ಹೌದೇ? ‘ಫುಡ್ ಗ್ರೇಡ್’ ಎಂಬುದೂ ಇದೂ ಒಂದೆಯೇ?
– ಗೃಹಿಣಿ, ಹಾಸನ

ಉತ್ತರ: ಅಲ್ಲ. ಆ ಅಂಕಿಗೂ ಎಷ್ಟು ಸಲ ಬಳಸಬೇಕು ಎಂಬುದಕ್ಕೂ ಸಂಬಂಧವಿಲ್ಲ. ಪ್ಲಾಸ್ಟಿಕ್ಕನ್ನು ಬೇರ್ಪಡಿಸುವವರಿಗೆ ಅದು ಯಾವ ಜಾತಿಯದೆಂದು ತಿಳಿಯಲೆಂದು ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು 1988ರಲ್ಲಿ ಈ ಗುರುತನ್ನು ಬಳಕೆಗೆ ತಂದರು. 1 ಎಂದರೆ ಪೆಟ್, ಅಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್. 2 ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್, 3 ಪಿವಿಸಿ, 4 ಎಲ್‌ಡಿ, 5 ಪಿಪಿ, 6 ಪಾಲಿಸ್ಟೈರೀನ್, 7 ಎಂದರೆ ಈ ಆರಕ್ಕೂ ಸೇರದ ಉಳಿದೆಲ್ಲವೂ. ಅಡುಗೆಮನೆಯಲ್ಲಿ ನೆನಪಿಡಬೇಕಾದವು 1, 5 ಮತ್ತು 6, ಅಷ್ಟೇ.

ಪೆಟ್ ನೋಡಲು ಗಾಜಿನಂತಿದ್ದು ಕೇಕು, ಹಣ್ಣು, ಒಣಹಣ್ಣುಗಳಿಗೆ ಚೆಂದ. ಆದರೆ ಸುಮಾರು 70 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ. ಖಾಲಿ ನೀರಿನ ಬಾಟಲಿಗೆ ಬಿಸಿನೀರು ಹಾಕಿದವರೆಲ್ಲ ಅದು ಮುದುರಿ ಗಿಡ್ಡವಾಗುವುದನ್ನು ಕಂಡಿದ್ದಾರೆ. ಪಿಪಿ ಬಿಸಿ ಊಟಕ್ಕೆ ಒಗ್ಗುವ ಪ್ಲಾಸ್ಟಿಕ್. ಪಾಲಿಸ್ಟೈರೀನ್ ಎರಡು ವೇಷದಲ್ಲಿ ಬರುತ್ತದೆ: ಒಂದು ಪಟ್ಟನೆ ಮುರಿಯುವ ಗಡಸು ಲೋಟ, ಚಮಚಗಳ ರೂಪ, ಇನ್ನೊಂದು ಗಾಳಿ ತುಂಬಿ ಉಬ್ಬಿಸಿದ ಥರ್ಮೋಕೋಲ್. ಥರ್ಮೋಕೋಲ್ ತುಂಡಿನ ಮೇಲೆ ನಿಂಬೆಯ ಸಿಪ್ಪೆಯನ್ನು ಹಿಂಡಿ ನೋಡಿ. ಸಿಪ್ಪೆಯಿಂದ ಚಿಮ್ಮಿದ ಎಣ್ಣೆ ಬಿದ್ದಲ್ಲೆಲ್ಲ ಸಣ್ಣ ಸಣ್ಣ ಗುಳಿಗಳು ಏಳುತ್ತವೆ. ಆಹಾರದಲ್ಲಿರುವ ಎಣ್ಣೆಯ ಅಂಶಗಳು ಪ್ಲಾಸ್ಟಿಕ್ಕಿನೊಡನೆ ಹೇಗೆ ವರ್ತಿಸಬಲ್ಲವು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸುಲಭವಾದ ಪ್ರಯೋಗ ನನಗೆ ತಿಳಿದಿಲ್ಲ. ಪಾಲಿಸ್ಟೈರೀನೂ ಸೇರಿದಂತೆ ಪ್ಲಾಸ್ಟಿಕ್ಕಿನ ತಟ್ಟೆ, ಲೋಟ, ಚಮಚ, ಸ್ಟ್ರಾ, ಟ್ರೇಗಳು, ಸಿಹಿತಿಂಡಿಯ ಪೆಟ್ಟಿಗೆಗೆ ಸುತ್ತುವ ತೆಳು ಹಾಳೆ, ಇವು 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ.

‘ಫುಡ್ ಗ್ರೇಡ್’ ಎಂಬುದು ಬೇರೆ ಮಾತು, ಮತ್ತು ಅದು ಅಳೆಯಬಹುದಾದ ಮಾತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳ ಪ್ರಕಾರ ಪ್ಲಾಸ್ಟಿಕ್ಕಿನಿಂದ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥ ಒಂದು ಕಿಲೋ ಆಹಾರಕ್ಕೆ 60 ಮಿಲಿಗ್ರಾಂ ಮೀರಬಾರದು. ಇದನ್ನು ಪ್ರಯೋಗಾಲಯದಲ್ಲಿ ಐಎಸ್ 9845 ಎಂಬ ವಿಧಾನದಿಂದ ಪರೀಕ್ಷಿಸುತ್ತಾರೆ. ಸಗಟಾಗಿ ಕೊಳ್ಳುವವರು ಈ ಪರೀಕ್ಷೆಯ ವರದಿಯನ್ನು ಕೇಳಬಹುದು, ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಫುಡ್ ಗ್ರೇಡ್’ ಎಂದು ಅಚ್ಚು ಹಾಕಿಸಲು ಯಾರ ವರದಿಯೂ ಬೇಕಾಗುವುದಿಲ್ಲ.

ಮೈಕ್ರೋವೇವ್‌ನ ಅಲೆಗಳ ಚಿತ್ರವಿದ್ದರೆ ಆ ಡಬ್ಬಿ ಅದರೊಳಗೆ ಸೊಟ್ಟಗಾಗುವುದಿಲ್ಲ ಎಂದು ತಯಾರಕರು ಹೇಳುತ್ತಿದ್ದಾರೆ ಎಂದರ್ಥ. ನೀರಿನ ಅಡುಗೆ 100 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಎಣ್ಣೆ ಮತ್ತು ಬೆಲ್ಲದ ಪದಾರ್ಥಗಳು ಅಲ್ಲಿಗೆ ನಿಲ್ಲುವುದಿಲ್ಲ; ಅವನ್ನು ಪಿಂಗಾಣಿಗೆ ಬಗ್ಗಿಸಿಯೇ ಬಿಸಿ ಮಾಡಿ. ಪಿಂಗಾಣಿಯಂತೆ ಕಾಣುವ ಗಡಸು ಪ್ಲಾಸ್ಟಿಕ್ಕಿನ ಮೆಲಮೈನ್ ತಟ್ಟೆಯನ್ನಂತೂ ಮೈಕ್ರೋವೇವ್‌ಗೆ ಇಡಲೇಬಾರದು.

ಪ್ರಶ್ನೆ: ಕಾಗದದ ಲೋಟ ಪ್ಲಾಸ್ಟಿಕ್ ಅಲ್ಲವಲ್ಲ, ಹಾಗಾದರೆ ಅದರಲ್ಲಿ ಚಹಾ ಕೊಡುವುದು ಸುರಕ್ಷಿತವೇ? ಜಿಎಸ್‌ಎಂ ಎಂದರೇನು?
– ಚಹಾ ಅಂಗಡಿಯವರು, ಹುಬ್ಬಳ್ಳಿ

ಉತ್ತರ: ಬಳಸಿದ ಒಂದು ಲೋಟವನ್ನು ಹರಿದು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಕಾಗದ ಮುದ್ದೆಯಾಗಿರುತ್ತದೆ, ಅದರ ಒಳಮೈಯಿಂದ ಹಾಲಿನ ಕೆನೆಯಂತೆ ಒಂದು ತೆಳು ಪೊರೆ ಉಗುರಿಗೆ ಸಿಕ್ಕಿ ಬಿಟ್ಟುಬರುತ್ತದೆ. ಚಹಾ ಸೋರದಂತೆ ಹಿಡಿದಿಟ್ಟಿದ್ದು ಆ ಪೊರೆ, ಮತ್ತು ಅದು ಸಾಮಾನ್ಯವಾಗಿ ಪಾಲಿಎಥಿಲೀನ್. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 85ರಿಂದ 90 ಡಿಗ್ರಿ ಬಿಸಿಯಿರುವ 100 ಮಿಲಿಲೀಟರ್ ನೀರು ಇಂಥ ಲೋಟದಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಸೇರುತ್ತವೆ. ಚಹಾವನ್ನು ಹೆಚ್ಚಿನವರು ಅದಕ್ಕಿಂತ ಬೇಗ ಕುಡಿದು ಮುಗಿಸುತ್ತಾರೆ ಎಂಬುದು ನಿಜವಾದರೂ, ಕಾಗದದ ಲೋಟ ಎಂಬ ಹೆಸರು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ ಎಂಬುದೂ ಅಷ್ಟೇ ನಿಜ. ಅಂಗಡಿಯಲ್ಲೇ ನಿಂತು ಕುಡಿಯುವವರಿಗೆ ಗಾಜಿನ ಲೋಟ ಕೊಟ್ಟು, ಅದನ್ನು ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯುವ ವ್ಯವಸ್ಥೆ ಮಾಡಿಕೊಂಡರೆ ನಿಮಗೂ ಒಳ್ಳೆಯದು, ಗಿರಾಕಿಗೂ ಒಳ್ಳೆಯದು.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಚಹಾ ಲೋಟಗಳ ಕಾಗದ ಸಾಮಾನ್ಯವಾಗಿ 150ರಿಂದ 210 ಜಿಎಸ್‌ಎಂ ಇರುತ್ತದೆ. ಅಂಕಿ ಕಡಿಮೆಯಾದಷ್ಟೂ ಹಿಡಿದ ಬೆರಳು ಸುಡುತ್ತದೆ, ತುಂಬಿದ ಲೋಟ ನಡುವಿನಲ್ಲಿ ಬಾಗುತ್ತದೆ. ಔನ್ಸಿನ ಲೆಕ್ಕದಲ್ಲಿ ಮಾರುವವರಿದ್ದರೆ ಒಂದು ಔನ್ಸಿಗೆ ಸುಮಾರು 30 ಮಿಲಿಲೀಟರ್ ಎಂದು ಹಿಡಿಯಿರಿ. ಆದರೆ ಆ ಅಳತೆ ಕಂಠಪೂರ್ತಿ ತುಂಬಿದಾಗಿನದು. 100 ಮಿಲಿಲೀಟರ್ ಲೋಟದಲ್ಲಿ ಚೆಲ್ಲದಂತೆ ಕೊಡಬಹುದಾದ ಚಹಾ ಅದಕ್ಕಿಂತ ಕಡಿಮೆ, ಬೆಲೆಯನ್ನು ಆ ಲೆಕ್ಕದಲ್ಲಿ ಗೊತ್ತು ಮಾಡಿ.

ಪ್ರಶ್ನೆ: ಬಜ್ಜಿ, ಬೋಂಡಾಗಳನ್ನು ಹಳೆಯ ಪತ್ರಿಕೆಯಲ್ಲಿ ಕೊಡಬಾರದು ಎಂಬ ನಿಯಮ ನಿಜವಾಗಿಯೂ ಇದೆಯೇ?
– ಓದುಗರು, ತುಮಕೂರು

ಉತ್ತರ: ಇದೆ. ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರ್‌ನಲ್ಲೇ ಈ ಕುರಿತು ಎಚ್ಚರಿಕೆ ಕೊಟ್ಟಿತ್ತು, 2018ರ ನಿಯಮಗಳಲ್ಲಿ ಅದು ಸ್ಪಷ್ಟ ನಿಷೇಧವಾಯಿತು. ಮುದ್ರಣದ ಶಾಯಿಯ ಬಣ್ಣಗಳು ಬಿಸಿ ಎಣ್ಣೆಯಲ್ಲಿ ಸುಲಭವಾಗಿ ಬಿಟ್ಟುಕೊಳ್ಳುತ್ತವೆ. ಕರಿದ ತಿಂಡಿಯ ಎಣ್ಣೆ ಹೀರಲು ಇಡುವ ಕಾಗದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬಾಳೆ ಎಲೆಯ ತುಂಡು ಅಥವಾ ಅಚ್ಚಿಲ್ಲದ, ಆಹಾರಕ್ಕೆಂದೇ ಮಾಡಿದ ಕಾಗದ ಬಳಸಿ.

ಪ್ರಶ್ನೆ: ಬಟರ್ ಪೇಪರ್, ಬೇಕಿಂಗ್ ಪೇಪರ್, ಫಾಯಿಲ್ ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು? ಬಟರ್ ಪೇಪರ್ ಹಾಕಿ ಬೇಯಿಸಿದ ಬಿಸ್ಕತ್ತು ಕಾಗದಕ್ಕೇ ಅಂಟಿಕೊಂಡಿತು.
– ಮನೆಯಲ್ಲೇ ಬೇಕರಿ ತಿನಿಸು ಮಾಡುವವರು, ಬೆಂಗಳೂರು

ಉತ್ತರ: ನಮ್ಮಲ್ಲಿ ಬಟರ್ ಪೇಪರ್ ಎಂಬ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬಗೆಯ ಕಾಗದ ಮಾರಾಟವಾಗುತ್ತದೆ, ನಿಮ್ಮ ತೊಂದರೆಯ ಮೂಲ ಅಲ್ಲಿದೆ. ಚಿತ್ರ ನಕಲು ಮಾಡಲು ಪುಸ್ತಕದಂಗಡಿಯಲ್ಲಿ ಸಿಗುವ ತೆಳು ಕಾಗದಕ್ಕೂ ಅದೇ ಹೆಸರು. ಅದನ್ನು ಆಹಾರಕ್ಕೆ ಮುಟ್ಟಿಸಬೇಡಿ. ಎಣ್ಣೆ ಒಸರದಂತೆ ನಾರನ್ನು ಒತ್ತಾಗಿ ಅರೆದು ಮಾಡಿದ ಕಾಗದ ಸ್ಯಾಂಡ್‌ವಿಚ್, ಒಬ್ಬಟ್ಟು ಸುತ್ತಲು ಸರಿ, ಓವನ್ನಿನಲ್ಲಿ ಅದು ಅಂಟುತ್ತದೆ. ಮೇಣ ಬಳಿದ ಕಾಗದ ಓವನ್ನಿಗೆ ಹೋಗಲೇಬಾರದು, ಏಕೆಂದರೆ ಮೇಣ ಕರಗಿ ಹೊಗೆಯಾಡುತ್ತದೆ. ನಿಮಗೆ ಬೇಕಾದದ್ದು ಸಿಲಿಕೋನ್ ಲೇಪಿಸಿದ ಬೇಕಿಂಗ್ ಪಾರ್ಚ್‌ಮೆಂಟ್. ಸುರುಳಿಯ ಪೆಟ್ಟಿಗೆಯ ಮೇಲೆ ಎಷ್ಟು ಡಿಗ್ರಿಯವರೆಗೆ ಎಂದು ಬರೆದಿರುತ್ತದೆ, ಹೆಚ್ಚಿನವು ಸುಮಾರು 220 ಡಿಗ್ರಿಯವರೆಗೆ ತಡೆಯುತ್ತವೆ. ಅಂಕಿಯೇ ಇಲ್ಲದ ಸುರುಳಿಯನ್ನು ಬೇಯಿಸಲು ಕೊಳ್ಳಬೇಡಿ.

ಫಾಯಿಲ್‌ನ, ಅಂದರೆ ತೆಳು ಅಲ್ಯೂಮಿನಿಯಂ ಹಾಳೆಯ, ಹೊಳೆಯುವ ಮೈ ಒಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದಾರೆ. ಹೇಗಿದ್ದರೂ ಒಂದೇ. ಕೊನೆಯ ಸುತ್ತಿನಲ್ಲಿ ಎರಡು ಹಾಳೆಗಳನ್ನು ಒಟ್ಟಿಗೆ ಉರುಳೆಗಳ ನಡುವೆ ಹಾಯಿಸುವುದರಿಂದ ಉರುಳೆ ತಾಗಿದ ಮೈ ಹೊಳೆಯುತ್ತದೆ, ಹಾಳೆಗೆ ಹಾಳೆ ತಾಗಿದ ಮೈ ಮಂಕಾಗಿರುತ್ತದೆ. ಕೊಳ್ಳುವಾಗ ನೋಡಬೇಕಾದದ್ದು ಮೈಕ್ರಾನ್ ಮತ್ತು ಮೀಟರ್. 30 ಸೆಂಟಿಮೀಟರ್ ಅಗಲದ, 11 ಮೈಕ್ರಾನಿನ ಒಂದು ಕಿಲೋ ಫಾಯಿಲ್ ಸುಮಾರು 112 ಮೀಟರ್ ಬರಬೇಕು. 18 ಮೈಕ್ರಾನಿನದಾದರೆ ಸುಮಾರು 68 ಮೀಟರ್. ತೂಕದಲ್ಲಿ ಒಳಗಿನ ರಟ್ಟಿನ ಕೊಳವೆಯೂ ಸೇರಿದೆಯೇ ಎಂದು ಕೇಳಿ ತಿಳಿಯಿರಿ.

ಹುಳಿ ಮತ್ತು ಉಪ್ಪಿನ ಎದುರು ಅಲ್ಯೂಮಿನಿಯಂ ಸೋಲುತ್ತದೆ. ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಸ್ಟೀಲ್ ಪಾತ್ರೆಯ ತುಂಬ ಪುಳಿಯೋಗರೆ ಗೊಜ್ಜು ಮಾಡಿ, ಮುಚ್ಚಳ ಸಿಗದೆ ಫಾಯಿಲ್ ಹೊದಿಸಿ ಇಟ್ಟಿದ್ದೆವು. ಮರುದಿನ ನೋಡಿದರೆ ಗೊಜ್ಜು ತಾಗಿದ ಕಡೆಯಲ್ಲೆಲ್ಲ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತುಗಳು, ಕೆಳಗೆ ಗೊಜ್ಜಿನ ಮೇಲೆ ಬೂದು ಬಣ್ಣದ ಚುಕ್ಕೆಗಳು. ಸ್ಟೀಲು, ಅಲ್ಯೂಮಿನಿಯಂ ಎಂಬ ಎರಡು ಲೋಹಗಳ ನಡುವೆ ಉಪ್ಪು ಹುಳಿಯ ದ್ರವ ಸೇರಿದರೆ ಅದೊಂದು ಸಣ್ಣ ಬ್ಯಾಟರಿಯಾಗಿ ಅಲ್ಯೂಮಿನಿಯಂ ಕರಗುತ್ತದೆ. ಅಂಗಡಿಯವರು ‘ಸಿಲ್ವರ್ ಡಬ್ಬಿ’ ಎಂದು ಕೊಡುವ ಫಾಯಿಲ್ ಡಬ್ಬಿಗಳೂ ಅಲ್ಯೂಮಿನಿಯಮ್ಮೇ, ಅವುಗಳಲ್ಲಿ ಬೆಳ್ಳಿಯೇನೂ ಇಲ್ಲ. ಪಲಾವು, ಪಲ್ಯ, ರೊಟ್ಟಿಗೆ ಅವು ಒಳ್ಳೆಯವು. ಉಪ್ಪಿನಕಾಯಿ, ಗೊಜ್ಜು, ನಿಂಬೆಹಣ್ಣಿನ ಚಿತ್ರಾನ್ನಗಳನ್ನು ಅವುಗಳಲ್ಲಿ ಹೆಚ್ಚು ಹೊತ್ತು ಇಡಬೇಡಿ.

ಪ್ರಶ್ನೆ: ನಾವು ಅಡಿಕೆ ಹಾಳೆಯ ತಟ್ಟೆ ಮಾಡುತ್ತೇವೆ. ಪೇಟೆಯಲ್ಲಿ ಬಗಾಸ್, ಪಿಎಲ್‌ಎ, ಬಯೋಡಿಗ್ರೇಡಬಲ್, ಕಾಂಪೋಸ್ಟಬಲ್ ಎಂದು ಬಗೆಬಗೆಯ ಹೆಸರಿನ ತಟ್ಟೆಗಳು ಬಂದಿವೆ. ಇವುಗಳ ವ್ಯತ್ಯಾಸವೇನು?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಹಾಳೆ ತಟ್ಟೆ ಇವೆಲ್ಲವುಗಳಲ್ಲಿ ಅತ್ಯಂತ ಸರಳವಾದದ್ದು. ತಾನಾಗಿ ಉದುರಿದ ಹಾಳೆಯನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟೂ ಇಲ್ಲ, ಲೇಪವೂ ಇಲ್ಲ. ಬಗಾಸ್ ಎಂದರೆ ಸಕ್ಕರೆ ಕಾರ್ಖಾನೆಯಲ್ಲಿ ರಸ ತೆಗೆದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಅದನ್ನು ಕಾಗದದ ತಿರುಳಿನಂತೆ ಅರೆದು ಅಚ್ಚಿಗೆ ಹಾಕುತ್ತಾರೆ. ತಿರುಳು ಎಣ್ಣೆ ಹೀರುವುದರಿಂದ ಕೆಲವು ತಯಾರಕರು ಅದಕ್ಕೆ ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳನ್ನು ಬೆರೆಸುತ್ತಿದ್ದರು, ಅವು ಮಣ್ಣಿನಲ್ಲೂ ದೇಹದಲ್ಲೂ ಬಹುಕಾಲ ಉಳಿಯುತ್ತವೆ. ಆದ್ದರಿಂದ ಬಗಾಸ್ ತಟ್ಟೆ ಕೊಳ್ಳುವವರು ಪಿಎಫ್‌ಎಎಸ್ ಇಲ್ಲ ಎಂಬ ಪತ್ರವನ್ನು ಕೇಳಬೇಕು. ಪಿಎಲ್‌ಎ ಎಂಬುದು ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆ ಅಂಶದಿಂದ ಮಾಡಿದ ಪ್ಲಾಸ್ಟಿಕ್. ಮೂಲ ಸಸ್ಯವಾದರೂ ಗುಣ ಪ್ಲಾಸ್ಟಿಕ್ಕಿನದೇ, ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ತಣ್ಣನೆಯ ಹಣ್ಣಿನ ರಸಕ್ಕೆ ಸರಿ, ಕಾಫಿಗೆ ಸಲ್ಲದು.

ಬಯೋಡಿಗ್ರೇಡಬಲ್ ಎಂಬ ಮಾತಿನಲ್ಲಿ ಕಾಲದ ಕಟ್ಟಳೆಯಿಲ್ಲ. ಆರು ತಿಂಗಳಿಗೆ ಕೊಳೆತರೂ, ನೂರು ವರ್ಷಕ್ಕೆ ಕೊಳೆತರೂ ಆ ಪದದ ಅರ್ಥಕ್ಕೆ ಒಗ್ಗುತ್ತದೆ. ಕಾಂಪೋಸ್ಟಬಲ್ ಎಂಬುದಕ್ಕೆ ಐಎಸ್‌ಒ 17088 ಎಂಬ ಮಾನದಂಡವಿದೆ: ನಿಯಂತ್ರಿತ ಗೊಬ್ಬರದ ರಾಶಿಯಲ್ಲಿ 180 ದಿನಗಳೊಳಗೆ ಶೇಕಡ 90ರಷ್ಟು ಜೈವಿಕವಾಗಿ ಕರಗಬೇಕು. ಆ ರಾಶಿಯ ಬಿಸಿ ಸುಮಾರು 58 ಡಿಗ್ರಿ, ಅಂದರೆ ಮನೆಯ ಹಿತ್ತಿಲಿನ ತಿಪ್ಪೆಯಲ್ಲಿ ಅಷ್ಟು ಕಾಲ ನಿಲ್ಲದ ಬಿಸಿ. ಕಾಂಪೋಸ್ಟಬಲ್ ಪ್ಲಾಸ್ಟಿಕ್ ಮಾರುವವರ ಬಳಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಆಕ್ಸೋ ಡಿಗ್ರೇಡಬಲ್ ಎಂದು ಬರೆದಿದ್ದನ್ನು ಮಾತ್ರ ಮುಟ್ಟಬೇಡಿ, ಅದು ಕೊಳೆಯುವುದಿಲ್ಲ, ಪುಡಿಯಾಗುತ್ತದೆ ಅಷ್ಟೇ. ಐರೋಪ್ಯ ಒಕ್ಕೂಟದಲ್ಲಿ 2021ರಿಂದ ಅದಕ್ಕೆ ನಿಷೇಧವಿದೆ.

ಹೊರದೇಶಕ್ಕೆ ಕಳುಹಿಸುವ ಆಲೋಚನೆಯಿದ್ದರೆ ಒಂದು ಸಂಗತಿಯನ್ನು ನೀವು ತಿಳಿದಿರಲೇಬೇಕು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಅಡಿಕೆ ಹಾಳೆಯ ತಟ್ಟೆ, ಬಟ್ಟಲುಗಳು ತನ್ನ ಕಾನೂನಿನ ಪ್ರಕಾರ ಆಹಾರಕ್ಕೆ ತಾಗಿಸಲು ಒಪ್ಪಿತವಲ್ಲ ಎಂದು ತಿಳಿಸಿತು. ಅಡಿಕೆಯಲ್ಲಿರುವ ಅರೆಕೋಲಿನ್‌ನಂತಹ ವಿಷಕಾರಿ ಅಂಶಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು ಎಂಬುದು ಅದರ ಆಕ್ಷೇಪ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ದುಡಿಮೆ ಇದರ ಮೇಲೆ ನಿಂತಿರುವುದರಿಂದ ಇದನ್ನು ಓದಿ ನನಗೂ ಕಳವಳವಾಯಿತು. ಇದಕ್ಕೆ ಉತ್ತರ ಕೊಡಬೇಕಾದದ್ದು ಪ್ರಯೋಗಾಲಯದ ಪರೀಕ್ಷೆಯಿಂದ: ಬಿಸಿ ಸಾರು, ಎಣ್ಣೆ, ಹುಳಿ ಇವುಗಳಿಗೆ ತಟ್ಟೆಯಿಂದ ಏನು, ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆಸಿ, ಆ ವರದಿಯನ್ನು ಇಟ್ಟುಕೊಳ್ಳಬೇಕು. ಊರಿನಲ್ಲಿ ಮಾರುವವರು ಮೊದಲು ನೋಡಿಕೊಳ್ಳಬೇಕಾದದ್ದು ಬೂಷ್ಟು. ಮಳೆಗಾಲದಲ್ಲಿ ಸರಿಯಾಗಿ ಒಣಗದ ಹಾಳೆಯಲ್ಲಿ ಕಪ್ಪು ಚುಕ್ಕೆ, ಮುಗ್ಗುಲು ವಾಸನೆ ಇದ್ದರೆ ಆ ತಟ್ಟೆಯನ್ನು ಮಾರಾಟದ ಕಟ್ಟಿನಲ್ಲಿ ಸೇರಿಸಬೇಡಿ. ಮುತ್ತುಗದ ಎಲೆಯ ಪತ್ರಾವಳಿ, ದೊನ್ನೆಗಳಿಗೂ ಈ ಮಾತು ಸಲ್ಲುತ್ತದೆ.

ಪ್ರಶ್ನೆ: ಪಾತ್ರೆ ಬಾಡಿಗೆಯ ವ್ಯಾಪಾರ ನಮ್ಮದು. ಕೊಳಗ, ಬಾಣಲೆ, ಸೌಟುಗಳ ಜೊತೆಗೆ ಈಗ ಬಫೆ ಊಟಕ್ಕೆ ಚೇಫಿಂಗ್ ಡಿಶ್, ಜಿಎನ್ ಪ್ಯಾನ್, ಬೇನ್ ಮೇರಿ ಕೇಳುತ್ತಾರೆ. ಸ್ಟೀಲಿನಲ್ಲಿ 202, 304 ಎಂಬುದೇನು?
– ಓದುಗರು, ಬಾಗಲಕೋಟೆ

ಉತ್ತರ: ಚೇಫಿಂಗ್ ಡಿಶ್ ಎಂದರೆ ಕೆಳಗೆ ಸಣ್ಣ ಬೆಂಕಿ, ಅದರ ಮೇಲೆ ನೀರಿನ ತಟ್ಟೆ, ನೀರಿನ ಮೇಲೆ ಅಡುಗೆಯ ಪಾತ್ರೆ, ಎಲ್ಲದರ ಮೇಲೆ ಮುಚ್ಚಳ. ಬೇನ್ ಮೇರಿಯೂ ಅದೇ ತತ್ತ್ವದ್ದು, ಹಲವು ಪಾತ್ರೆಗಳನ್ನು ಒಂದೇ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸುವ ದೊಡ್ಡ ಮೇಜು. ಇವೆರಡೂ ಅಡುಗೆಯನ್ನು ಬಿಸಿ ಮಾಡುವ ಸಾಧನಗಳಲ್ಲ, ಬಿಸಿಯಾಗಿ ಬಂದದ್ದನ್ನು ಆರದಂತೆ ಕಾಯುವ ಸಾಧನಗಳು. ಮದುವೆಮನೆಗಳಲ್ಲಿ ತಟ್ಟೆಗೆ ತಣ್ಣೀರು ಸುರಿದು, ಆರಿದ ಪಲ್ಯ ಹಾಕಿ, ದೀಪ ಹಚ್ಚಿ ಬಿಡುವುದನ್ನು ನೋಡಿದ್ದೇನೆ. ಬೇಯಿಸಿದ ಆಹಾರ 60 ಡಿಗ್ರಿಗಿಂತ ಮೇಲಿರಬೇಕು, ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಆದ್ದರಿಂದ ಬಾಡಿಗೆಗೆ ಕೊಡುವಾಗ, ಕುದಿನೀರನ್ನೇ ಹಾಕಬೇಕು ಎಂದು ಒಂದು ಮಾತು ಹೇಳಿ ಕಳುಹಿಸಿ. ಚೇಫಿಂಗ್ ಡಿಶ್‌ನ ಕೆಳಗೆ ಉರಿಯುವ ಜೆಲ್ ಇಂಧನದ ಡಬ್ಬಿಯ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆಯೆಂದು ತಿಳಿದು ಮತ್ತೆ ತುಂಬಲು ಹೋದವರು ಕೈ ಸುಟ್ಟುಕೊಳ್ಳುತ್ತಾರೆ.

ಜಿಎನ್ ಎಂಬುದು ಗ್ಯಾಸ್ಟ್ರೊನಾರ್ಮ್ ಎಂಬ ಅಳತೆಯ ಕ್ರಮ, 1964ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಬಳಕೆಗೆ ಬಂದದ್ದು. ಪೂರ್ಣ ಪ್ಯಾನ್ 530 ಮತ್ತು 325 ಮಿಲಿಮೀಟರ್, ಅರ್ಧದ್ದು 325 ಮತ್ತು 265, ಮೂರರಲ್ಲೊಂದು 325 ಮತ್ತು 176. ಆಳ ಮಾತ್ರ 65, 100, 150 ಎಂದು ಬೇರೆ ಬೇರೆ. ಈ ಅಳತೆಯ ಪಾತ್ರೆ ಯಾರು ಮಾಡಿದ್ದಾದರೂ ಒಂದೇ ಚೌಕಟ್ಟಿನಲ್ಲಿ ಕೂರುತ್ತದೆ ಎಂಬುದೇ ಇದರ ಲಾಭ. ಅನ್ನ, ಪಲ್ಯಕ್ಕೆ 65 ಮಿಲಿಮೀಟರ್ ಆಳ ಸಾಕು, ಸಾರಿಗೆ 150 ಬೇಕು.

304 ಸ್ಟೀಲಿನಲ್ಲಿ ಸುಮಾರು ಶೇಕಡ 18 ಕ್ರೋಮಿಯಂ, 8 ನಿಕಲ್ ಇರುವುದರಿಂದ ಅದನ್ನು 18/8 ಎಂದೂ ಬರೆಯುತ್ತಾರೆ. 202ರಲ್ಲಿ ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಬೆಲೆ ಇಳಿಯುತ್ತದೆ, ಉಪ್ಪು ಹುಳಿಗೆ ಬೇಗ ತುಕ್ಕಿನ ಚುಕ್ಕೆ ಬರುತ್ತದೆ. ಅಯಸ್ಕಾಂತ ಅಂಟದಿದ್ದರೆ 304 ಎಂಬ ನಂಬಿಕೆ ತಪ್ಪು, 202ಕ್ಕೂ ಅದು ಅಂಟುವುದಿಲ್ಲ. ಬಿಲ್ಲಿನಲ್ಲಿ ಅಂಕಿಯನ್ನು ಬರೆಸಿಕೊಳ್ಳುವುದೇ ಭದ್ರ. ನಿಮ್ಮಲ್ಲಿರುವ ಹಳೆಯ ಹಿತ್ತಾಳೆ ಕೊಳಗಗಳನ್ನು ಮಾರಬೇಡಿ. ಕಲಾಯಿ ಸವೆಯುವ ಮೊದಲೇ ಮತ್ತೆ ಹಾಕಿಸುತ್ತಿದ್ದರೆ ಅವು ಇನ್ನೊಂದು ತಲೆಮಾರಿಗೆ ಬರುತ್ತವೆ. ಕಲಾಯಿ ಹೋದ ಕೊಳಗದಲ್ಲಿ ಹುಣಸೆ ಹುಳಿಯ ಸಾರು ಮಾಡಲು ಮಾತ್ರ ಕೊಡಬೇಡಿ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯೂ, ಪಾತ್ರೆಯ ಬಾಯಿಗೆ ಅಂಟಿ ಕೂರುವ ತೆಳು ಪ್ಲಾಸ್ಟಿಕ್ ಹಾಳೆಯಾದ ಕ್ಲಿಂಗ್ ಫಿಲ್ಮೂ ರಾಜ್ಯದ 2016ರ ನಿಷೇಧದ ಪಟ್ಟಿಯಲ್ಲಿವೆ. ಕಾಗದದ ಸುರುಳಿಯನ್ನೇ ಇಟ್ಟುಕೊಳ್ಳಿ.

ಪ್ರಶ್ನೆ: ಅಮೆರಿಕದಲ್ಲಿರುವ ಮಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳುಹಿಸುತ್ತೇನೆ. ಅಂಗಡಿಯವರು ವ್ಯಾಕ್ಯೂಮ್ ಪ್ಯಾಕ್ ಮಾಡಿಸಿ ಎನ್ನುತ್ತಾರೆ. ರಿಟಾರ್ಟ್ ಪೌಚ್ ಎಂಬುದೂ ಇದೆಯಂತೆ.
– ಓದುಗರು, ವಿಜಯಪುರ

ಉತ್ತರ: ರಿಟಾರ್ಟ್ ಪೌಚ್ ನಿಮ್ಮ ತಿನಿಸಿಗೆ ಬೇಡ. ಅದು ಪಾಲಿಯೆಸ್ಟರ್, ಅಲ್ಯೂಮಿನಿಯಂ, ಪಿಪಿ ಪದರಗಳನ್ನು ಬೆಸೆದ ಚೀಲ. ಸಾರು, ಪಲಾವಿನಂತಹ ಹಸಿ ಅಡುಗೆಯನ್ನು ಅದರಲ್ಲಿ ಮುಚ್ಚಿ, ಚೀಲದ ಸಮೇತ ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಬೇಯಿಸುತ್ತಾರೆ. ಸೈನಿಕರಿಗಾಗಿ ಇಂತಹ ಊಟಗಳನ್ನು ರೂಪಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. ಅದು ಯಂತ್ರವೂ ಪರಿಣತಿಯೂ ಬೇಕಾದ ಕೆಲಸ.

ಶೇಂಗಾ ಚಟ್ನಿಯ ಶತ್ರು ಗಾಳಿ ಮತ್ತು ಬೆಳಕು. ಅದರಲ್ಲಿರುವ ಎಣ್ಣೆ ಗಾಳಿಗೆ ಕಮಟುತ್ತದೆ. ಒಳಗೆ ಅಲ್ಯೂಮಿನಿಯಂ ಪದರವಿರುವ ದಪ್ಪ ಪೌಚ್‌ನಲ್ಲಿ ಗಾಳಿ ತೆಗೆದು ಮುಚ್ಚಿಸಿ, ಇಲ್ಲಿ ವ್ಯಾಕ್ಯೂಮ್ ಸರಿಯಾದದ್ದೇ. ಹುರಿದ ಶೇಂಗಾ ಪೂರ್ತಿ ಆರಿದ ಮೇಲೆ ಕುಟ್ಟಬೇಕು, ಇಲ್ಲದಿದ್ದರೆ ಚೀಲದೊಳಗೆ ಬೆವರಿ ಗಂಟು ಕಟ್ಟುತ್ತದೆ. ಖಡಕ್ ರೊಟ್ಟಿಗೆ ಮಾತ್ರ ವ್ಯಾಕ್ಯೂಮ್ ಮಾಡಿಸಬೇಡಿ. ಗಾಳಿ ಹೀರಿದೊಡನೆ ಚೀಲ ನಾಲ್ಕೂ ಕಡೆಯಿಂದ ಒತ್ತಿ ರೊಟ್ಟಿಯೆಲ್ಲ ಚೂರಾಗುತ್ತದೆ. ರೊಟ್ಟಿಯ ಶತ್ರು ತೇವ. ದಪ್ಪ ಪಿಪಿ ಕವರಿನಲ್ಲಿ ಹತ್ತು ಹತ್ತು ರೊಟ್ಟಿ ಇಟ್ಟು, ಬಾಯಿಯನ್ನು ಸೀಲ್ ಮಾಡಿ, ಆ ಕಟ್ಟುಗಳನ್ನು ಅಳ್ಳಾಡದಂತೆ ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ, ಅಂಚಿನ ಸಂದುಗಳಿಗೆ ಕಾಗದದ ಉಂಡೆ ತುರುಕಿ. ಚಟ್ನಿಯ ಪೊಟ್ಟಣಗಳನ್ನು ರೊಟ್ಟಿಯ ಮೇಲಿಡದೆ, ಪೆಟ್ಟಿಗೆಯ ತಳಕ್ಕೆ ಹಾಕಿ.